ಮೊದಲ ಉಪಗುತ್ತಿಗೆ ಹುಡುಕುವವರಿಗೆ ಟೆಂಡರ್ ಮಾಹಿತಿ ಸೇವೆ: ಚಂದಾ ಕಟ್ಟಬಹುದೇ?

ಕಟ್ಟಡ ಕಾಮಗಾರಿಗಳ ಕೊಟೇಶನ್ ಆಹ್ವಾನಗಳನ್ನು ಒಂದೆಡೆ ಕಲೆಹಾಕಿ ಚಂದಾದಾರರಿಗೆ ತಲುಪಿಸುವ ಆನ್‌ಲೈನ್ ಸೇವೆಯೊಂದನ್ನು, ಟೈಲ್ಸ್ ಕೆಲಸದ ಉಪಗುತ್ತಿಗೆಗೆ ಇಳಿದಾಗಿನಿಂದಲೂ ಬಳಸುತ್ತಿದ್ದೇನೆ. ಕೆಲಸ ಎಲ್ಲಿದೆ ಎಂಬುದನ್ನು ಅದು ಚೆನ್ನಾಗಿಯೇ ತೋರಿಸುತ್ತದೆ. ಆ ಕೆಲಸವನ್ನು ಗಿಟ್ಟಿಸುವುದು ಮಾತ್ರ ನಾವು ಬರೆಯುವ ಕೊಟೇಶನ್ನನ್ನೇ ಅವಲಂಬಿಸಿದೆ.

ನಕ್ಷೆ, ಸ್ಪೆಸಿಫಿಕೇಶನ್ ಮತ್ತು ಕೊನೆಯ ದಿನಾಂಕ ಒಂದೇ ಪುಟದಲ್ಲಿ ಸಿಗುತ್ತವೆ. ನಕ್ಷೆ ಬದಲಾದ ಕೂಡಲೇ ಸೂಚನೆ ಬರುವುದು ಈ ಸೇವೆಯ ದೊಡ್ಡ ಗುಣ, ಏಕೆಂದರೆ ಹಳೆಯ ನಕ್ಷೆ ನೋಡಿ ದರ ಕೊಟ್ಟವನೇ ಕೊನೆಗೆ ನಷ್ಟ ಹೊರಬೇಕಾಗುತ್ತದೆ. ಪರದೆಯ ಮೇಲೆಯೇ ವಿಸ್ತೀರ್ಣ ಅಳೆಯುವ ಸಾಧನವೂ ಇದೆ. ಆದರೆ ಅಳೆಯುವ ಮುನ್ನ ನಕ್ಷೆಯಲ್ಲಿ ಬರೆದಿರುವ ಯಾವುದಾದರೂ ಒಂದು ಅಳತೆಯೊಂದಿಗೆ ಸ್ಕೇಲನ್ನು ತಾಳೆ ನೋಡಲೇಬೇಕು.

ಸೇವೆ ಒದಗಿಸುವ ಕೊಟೇಶನ್ ನಮೂನೆ ಮಾತ್ರ ತೀರಾ ಬಡವಾಗಿದೆ. ಕೆಲಸದ ಹೆಸರು, ಪ್ರಮಾಣ, ದರ, ಮೊತ್ತ, ಇಷ್ಟಕ್ಕೇ ಅಲ್ಲಿ ಜಾಗ. ಹಲವರ ದರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಮುಖ್ಯ ಗುತ್ತಿಗೆದಾರರಿಗೆ, ಎಲ್ಲರೂ ಒಂದೇ ಕೆಲಸಕ್ಕೆ ದರ ಹಾಕಿದ್ದಾರೆಯೇ ಎಂಬುದೇ ಮೊದಲ ಪ್ರಶ್ನೆ. ಸ್ನಾನಗೃಹದ ಟೈಲ್ಸ್ ಎಂದರೆ ಅಡಿಯ ವಾಟರ್‌ಪ್ರೂಫಿಂಗ್ ಯಾರದು, ನೆಲ ಮಟ್ಟ ಮಾಡುವ ಗಾರೆ ಸೇರಿದೆಯೇ, ಟೈಲ್ಸನ್ನು ಮೇಲಿನ ಮಹಡಿಗೆ ಹೊರುವವರು ಯಾರು, ಕಸ ಸಾಗಿಸುವವರು ಯಾರು? ತುಂಡಾಗಿ ಹಾಳಾಗುವುದಕ್ಕೆಂದು ನೇರ ಜೋಡಣೆಯಲ್ಲಿ ಸಾಮಾನ್ಯವಾಗಿ ಶೇ 10ರಷ್ಟು, ಓರೆ ಜೋಡಣೆಯಲ್ಲಿ ಅದಕ್ಕಿಂತ ಹೆಚ್ಚು ಸೇರಿಸುತ್ತಾರೆ. ನಾವು ಎಷ್ಟು ಹಿಡಿದಿದ್ದೇವೆ ಎಂಬುದನ್ನೂ ಬರೆಯಬೇಕು. ಇವೆಲ್ಲವನ್ನೂ ‘ಸೇರಿದೆ’, ‘ಸೇರಿಲ್ಲ’ ಎಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸತೊಡಗಿದ ಮೇಲೆಯೇ ನನಗೆ ಕರೆಗಳು ಬರತೊಡಗಿದವು. ಮೊದಲ ಕೆಲಸ ಕೆಲವೇ ಶೌಚಾಲಯಗಳದ್ದು; ಫೋನ್ ಮಾಡಿದ ಎಂಜಿನಿಯರ್ ದರದ ಮಾತೆತ್ತದೆ, ಯಾವಾಗ ಶುರು ಮಾಡುತ್ತೀರಿ, ಎಷ್ಟು ಜನ ಮೇಸ್ತ್ರಿಗಳಿದ್ದಾರೆ ಎಂದಷ್ಟೇ ಕೇಳಿದರು.

ಇನ್ನೊಂದು ಕೊರತೆ ಹುಡುಕಾಟದ್ದು. ಪಟ್ಟಿಯಲ್ಲಿ ಇಡೀ ಕಟ್ಟಡದ ಮೌಲ್ಯ ಕಾಣುತ್ತದೆಯೇ ಹೊರತು ಟೈಲ್ಸ್ ಭಾಗದ್ದಲ್ಲ, ಹೀಗಾಗಿ ಹೊಸಬರ ಕೈಗೆಟುಕುವ ಸಣ್ಣ ಕೆಲಸಗಳು ದೊಡ್ಡ ಯೋಜನೆಗಳೊಳಗೆ ಮರೆಯಾಗಿರುತ್ತವೆ. ಆದ್ದರಿಂದ ನಾನು ಪಟ್ಟಿಯಿಂದ ಗುತ್ತಿಗೆದಾರರ ಹೆಸರುಗಳನ್ನು ತೆಗೆದುಕೊಂಡು, ವಿಮೆ, ಪರವಾನಗಿ, ಹಿಂದೆ ಮಾಡಿದ ಕೆಲಸದ ಚಿತ್ರಗಳೊಂದಿಗೆ ಅವರ ಕಚೇರಿಗೇ ಹೋಗುತ್ತೇನೆ. ಅವರು ಹಣ ಪಾವತಿಸುವ ರೀತಿಯ ಬಗ್ಗೆ ಸೇವೆ ಏನನ್ನೂ ಹೇಳುವುದಿಲ್ಲ. ಬಿಲ್ಲಿನಲ್ಲಿ ಶೇ 5ರಿಂದ 10ರಷ್ಟನ್ನು, ಕೆಲಸದಲ್ಲಿ ದೋಷ ಕಂಡರೆ ಸರಿಪಡಿಸುವ ಖಾತರಿಗಾಗಿ, ರಿಟೆನ್ಷನ್ ಎಂದು ತಡೆಹಿಡಿಯುವುದು ಸಾಮಾನ್ಯವಾದ ಈ ಉದ್ಯಮದಲ್ಲಿ, ಕೂಲಿಯನ್ನು ಮಾತ್ರ ತಡಮಾಡುವಂತಿಲ್ಲವಾದ್ದರಿಂದ, ಯಾರು ಹೊತ್ತಿಗೆ ಸರಿಯಾಗಿ ಹಣ ಕೊಡುತ್ತಾರೆ ಎಂಬುದನ್ನು ಸಾಮಗ್ರಿ ಮಾರುವ ಅಂಗಡಿಯವರಲ್ಲಿ ವಿಚಾರಿಸುವುದು ಲೇಸು.

ಸೋತ ಟೆಂಡರುಗಳ ಫಲಿತಾಂಶದ ಅಂಕಣ ಬಹುಪಾಲು ಖಾಲಿಯೇ ಇರುತ್ತದೆ. ನಮ್ಮ ದರ ಎಷ್ಟನೆಯ ಸ್ಥಾನದಲ್ಲಿತ್ತು ಎಂದು ನೇರವಾಗಿ ಫೋನ್ ಮಾಡಿ ಕೇಳಿದರೆ ಹಲವರು ಹೇಳುತ್ತಾರೆ. ವಾರ್ಷಿಕ ಚಂದಾ ಅಗ್ಗವೆನಿಸಿದರೂ ಹೊಸಬರು ಮಾಸಿಕ ಚಂದಾವನ್ನೇ ಆರಿಸಿಕೊಳ್ಳಲಿ. ಇಬ್ಬರು ಮೂವರು ಗುತ್ತಿಗೆದಾರರು ತಾವಾಗಿಯೇ ದರ ಕೇಳತೊಡಗಿದ ಮೇಲೆ ಈ ಸೇವೆಯ ಅಗತ್ಯ ಅಷ್ಟಾಗಿ ಉಳಿಯುವುದಿಲ್ಲ.