ಯುಗಾದಿ ಕಳೆದ ಮೇಲೆ ಬಿದ್ದ ಹಿಮ: ಗಿಡಕ್ಕೆ ಯಾವ ಹೊದಿಕೆ?

ಅಮ್ಮ ಊರಿಂದ ಫೋನ್ ಮಾಡಿ ಸೆಕೆ ತಡೆಯೋಕಾಗ್ತಿಲ್ಲ ಅನ್ನುವ ಹೊತ್ತಿಗೆ, ಇಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಾನು ಹಿತ್ತಲಿಗೆ ಬೆಡ್‌ಶೀಟ್ ಹೊತ್ತುಕೊಂಡು ಓಡುತ್ತಿರುತ್ತೇನೆ. ಏಪ್ರಿಲ್ ಹಿಮ ಇಲ್ಲಿ ಹೊಸದೇನಲ್ಲ. 2022ರಲ್ಲಂತೂ ಮೇ 20ಕ್ಕೂ ಬಿತ್ತು. ಮೇ ಎರಡನೇ ಭಾನುವಾರ ಬರುವ ತಾಯಂದಿರ ದಿನದವರೆಗೆ ಟೊಮೆಟೊ ಹೊರಗೆ ನೆಡಬೇಡಿ ಅಂತ ಇಲ್ಲಿನವರು ಹೇಳುತ್ತಾರೆ. ನನಗೆ ಅಷ್ಟು ತಾಳ್ಮೆ ಎಲ್ಲಿದೆ?

ಹೋದ ವರ್ಷ ಮಡಿಗಳಲ್ಲಿ ಮೆಂತ್ಯ, ಪಾಲಕ್, ಬಟಾಣಿ ಎದ್ದಿದ್ದವು. ಜೊತೆಗೆ ನಾಲ್ಕು ಟೊಮೆಟೊ ಸಸಿ. ಹಿಮದ ಮುನ್ಸೂಚನೆ ಬಂತು. ಕೈಗೆ ಸಿಕ್ಕಿದ್ದೆಲ್ಲ ಹೊದಿಸಿದೆ.

ಬಟಾಣಿಗೆ ಹಳೇ ಬೆಡ್‌ಶೀಟ್. ಖರ್ಚಿಲ್ಲ, ಬರೀ ಚಳಿಯ ಒಣ ರಾತ್ರಿಗೆ ಪರವಾಗಿಲ್ಲ. ಆದರೆ ವಸಂತದ ಹಿಮ ಒದ್ದೆ, ಭಾರ ಜಾಸ್ತಿ. ಶೀಟ್ ನೀರು ಕುಡಿದು ಒದ್ದೆ ಕಂಬಳಿಯ ಹಾಗೆ ಗಿಡದ ಮೇಲೆ ಕೂತಿತು. ಬಟಾಣಿ ಸತ್ತಿದ್ದು ಚಳಿಗಲ್ಲ, ಆ ಭಾರಕ್ಕೆ.

ಪಾಲಕ್ ಮಡಿಯ ಅರ್ಧಕ್ಕೆ ಪ್ಲಾಸ್ಟಿಕ್. ನೀರು ಕುಡಿಯಲ್ಲ, ಸರಿ. ಆದರೆ ಅದು ತಾಗಿದ ಎಲೆಗಳೆಲ್ಲ ಸುಟ್ಟ ಹಾಗೆ ಕಪ್ಪಾದವು. ಮರುದಿನ ಬಿಸಿಲು ಬಂದಾಗ ತೆಗೆಯೋಕೆ ತಡವಾಯಿತು, ಒಳಗೆ ಇಡ್ಲಿ ಪಾತ್ರೆಯಂಥ ಹಬೆ.

ಇನ್ನರ್ಧಕ್ಕೆ ಫ್ರಾಸ್ಟ್ ಕ್ಲಾತ್, ಅಂದರೆ ಗಾಳಿ ಬೆಳಕು ಬಿಡುವ ಹಗುರ ಬಿಳಿ ಬಟ್ಟೆ. ಬಿಲ್ಲಿನ ಹಾಗೆ ಬಗ್ಗಿಸಿದ ಪೈಪ್‌ಗಳ ಮೇಲೆ ಎಳೆದು ಅಂಚಿಗೆ ಕಲ್ಲಿಟ್ಟೆ. ಹಿಮ ಜಾಸ್ತಿ ಕೂತಾಗ ಪೊರಕೆಯಲ್ಲಿ ತಳ್ಳಿದೆ, ಅಷ್ಟೇ. ಒಂದು ಎಲೆಯೂ ಹೋಗಲಿಲ್ಲ. ಸೊಪ್ಪಿಗೆ ನನ್ನ ಓಟು ಇದಕ್ಕೇ. ಪೈಪ್ ಇಲ್ಲದೆ ನೇರ ಹಾಸಿದರೆ ಮಾತ್ರ ಬೆಡ್‌ಶೀಟ್‌ನ ಕಥೆಯೇ.

ತಮಾಷೆ ಅಂದರೆ ಮೆಂತ್ಯಕ್ಕೆ ಏನೂ ಉಳಿದಿರಲಿಲ್ಲ. ಹಿಮದ ಕೆಳಗೆ ಮುಚ್ಚಿಹೋಯಿತು. ಕರಗಿದ ಮೇಲೆ ನೋಡಿದರೆ ಬಾಗಿತ್ತು, ಎರಡು ದಿನದಲ್ಲಿ ಎದ್ದು ನಿಂತಿತು! ಹಿಮವೇ ಹೊದಿಕೆ ಆಗಿತ್ತು.

ಟೊಮೆಟೊ ವಿಷಯ ಬೇರೆ. ಎರಡು ಸಸಿಗೆ ಬಕೆಟ್ ಬೋರಲು ಹಾಕಿದೆ. ಹಿಮ ಬಿದ್ದ ರಾತ್ರಿ ಬದುಕಿದವು. ಹೊಡೆತ ಬಿದ್ದದ್ದು ಮರುದಿನ ರಾತ್ರಿ. ಮೋಡ ಸರಿದು ಆಕಾಶ ತಿಳಿಯಾದರೆ ನೆಲದ ಶಾಖವೆಲ್ಲ ಮೇಲಕ್ಕೆ ಹೋಗುತ್ತದೆ. ಹಿಮ ನಿಂತಿತು ಅಂತ ನಾವು ನೆಮ್ಮದಿಯಾಗಿ ಮಲಗುವುದೂ ಅವತ್ತೇ. ನನ್ನ ಥರ್ಮಾಮೀಟರ್ ಮೈನಸ್ 5 ಡಿಗ್ರಿ ತೋರಿಸಿತು. ಬಕೆಟ್ ಒಳಗಿನ ಎರಡೂ ಹೋದವು.

ಇನ್ನೆರಡಕ್ಕೆ ಸುತ್ತ ನೀರು ತುಂಬುವ ಪ್ಲಾಸ್ಟಿಕ್ ಕೊಳವೆಗಳ ಗೂಡು. ಹದಿನೆಂಟು ಕೊಳವೆ, ಸುಮಾರು 11 ಲೀಟರ್ ನೀರು. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ, ಅದೇ ಗಿಡವನ್ನು ಕಾಯುವುದು. ತುಂಬೋದು ಮಾತ್ರ ದೊಡ್ಡ ಗೋಳು. ಅರ್ಧ ತುಂಬಿದಾಗ ಸಸಿಯ ಮೇಲೇ ಕುಸಿಯುತ್ತದೆ. ಮೊದಲು ಗಿಡಕ್ಕೆ ಬಕೆಟ್ ಮುಚ್ಚಿ, ಸುತ್ತ ಗೂಡು ನಿಲ್ಲಿಸಿ, ತುಂಬಿದ ಮೇಲೆ ಬಕೆಟ್ ಎತ್ತಿ. ಬಕೆಟ್‌ನ ಸರಿಯಾದ ಕೆಲಸ ಅದೇ ಅಂತ ನನಗೀಗ ಅನ್ನಿಸುತ್ತದೆ.

ಆ ಎರಡೂ ಬದುಕಿದವು. ಮೇನಲ್ಲಿ ನೆಟ್ಟ ಗಿಡಗಳಿಗಿಂತ ವಾರ ಮುಂಚೆ ಹಣ್ಣಾದವು. ಒಂದು ವಾರಕ್ಕೆ ಇಷ್ಟು ಪಾಡಾ ಅಂತ ನಮ್ಮ ಮನೆಯವರು ಕೇಳಿದರು. ಆ ಹಣ್ಣಿನ ಗೊಜ್ಜು ಮಾತ್ರ ಎರಡು ಸಲ ಹಾಕಿಸಿಕೊಂಡರು.