7 ಮಿ.ಮೀ. ವೆಟ್‌ಸೂಟೋ, ಡ್ರೈಸೂಟೋ? 13 ವರ್ಷಗಳ ನಂತರ ಮತ್ತೆ ತಣ್ಣನೆಯ ಕಡಲಿಗೆ

ಕುಮಟಾದ ಕಡಲ ಬದಿಯಲ್ಲೇ ಬೆಳೆದರೂ ನಾನು ಸ್ಕೂಬಾ ಕಲಿತದ್ದು ಸ್ಕಾಟ್ಲೆಂಡಿನಲ್ಲಿ, ಅಲ್ಲಿ ಕೆಲಸಕ್ಕಿದ್ದಾಗ. ಊರಿಗೆ ಮರಳಿದ ಮೇಲೆ 13 ವರ್ಷ ನೀರಿಗಿಳಿಯಲಿಲ್ಲ. ಕಳೆದ ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿರುವ ಅಕ್ಕನ ಮನೆಗೆ ಹೋದಾಗ, ಅಲ್ಲಿಂದ ಸೇಂಟ್ ಆಬ್ಸ್ ಎಂಬ ಮೀನುಗಾರರ ಊರಿಗೆ ಹೋಗಿ ನಾಲ್ಕು ದಿನ ಡೈವ್ ಮಾಡಿದೆ. ಎರಡು ದಿನ ಬಾಡಿಗೆಯ 7 ಮಿ.ಮೀ. ದಪ್ಪದ ಸೆಮಿಡ್ರೈ (ಅಂಚುಗಳು ಬಿಗಿಯಾಗಿದ್ದು ನೀರು ಕಡಿಮೆ ನುಗ್ಗುವ) ವೆಟ್‌ಸೂಟ್, ಎರಡು ದಿನ ನೀರು ಒಳಬರದ ಡ್ರೈಸೂಟ್. ಡೈವ್ ಕಂಪ್ಯೂಟರ್ ತೋರಿಸಿದ ನೀರಿನ ಉಷ್ಣತೆ ಪ್ರತಿದಿನವೂ 9 ಡಿಗ್ರಿ.

ಹೊರಡುವ ಮುನ್ನ ಏಪ್ರಿಲ್‌ನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಎರಡು ಡೈವ್ ಮಾಡಿ ಅಭ್ಯಾಸ ಕುದುರಿಸಿಕೊಂಡಿದ್ದೆ. ಅಲ್ಲಿ ನೀರು 29 ಡಿಗ್ರಿ, ತೆಳು ಸೂಟ್, ಮುಳುಗಲೆಂದು ಸೊಂಟಕ್ಕೆ 4 ಕಿಲೋ ಸೀಸ. ಮಾಸ್ಕ್‌ಗೆ ನುಗ್ಗಿದ ನೀರನ್ನು ಹೊರಹಾಕುವುದು, ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು ಬಾಯಿಂದ ತೆಗೆದು ಮತ್ತೆ ಕಚ್ಚಿಕೊಳ್ಳುವುದು ಎಲ್ಲವೂ ಒಂದೇ ದಿನದಲ್ಲಿ ಕೈಗೆ ಬಂದವು. ಆದರೆ ಅದೇ ಮಾಸ್ಕ್ ಅನ್ನು 9 ಡಿಗ್ರಿಯಲ್ಲಿ ತೆಗೆದಾಗ ಹಣೆ ಸಿಡಿದಂತಾಗಿ ಉಸಿರು ಗಕ್ಕನೆ ನಿಂತಿತು. ಮರಳಿ ಹೋಗುವವರು ಇದನ್ನು ಆಳ ಕಡಿಮೆಯಿರುವಲ್ಲಿ, ಜೊತೆಗಾರನ ಕೈ ಹಿಡಿದುಕೊಂಡೇ ಮಾಡಿ ನೋಡಲೇಬೇಕು. ರೆಗ್ಯುಲೇಟರ್ ಕೂಡ ತಣ್ಣೀರಿಗೆಂದೇ ತಯಾರಾದದ್ದಾಗಿರಬೇಕು. ಯುರೋಪಿನ ಮಾನದಂಡದಲ್ಲಿ 10 ಡಿಗ್ರಿಗಿಂತ ಕೆಳಗಿನದೆಲ್ಲ ತಣ್ಣೀರೇ. ಅಲ್ಲಿ ಸಾಮಾನ್ಯ ರೆಗ್ಯುಲೇಟರ್‌ನೊಳಗೆ ಮಂಜುಗಟ್ಟಿ ಗಾಳಿ ತಡೆಯಿಲ್ಲದೆ ಸೋರಿಹೋಗಬಹುದು.

ಇನ್ನು ಸೂಟ್‌ಗಳ ವಿಚಾರ. ನಮ್ಮ ಕಡೆ ಮಳೆಗಾಲದಲ್ಲಿ ಗದ್ದೆಗೆ ಹೋಗುವವರು ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಅದು ನೆನೆಯುತ್ತದೆ, ಆದರೂ ಬೆಚ್ಚಗಿಡುತ್ತದೆ. ವೆಟ್‌ಸೂಟ್‌ನ ಸ್ವಭಾವವೂ ಅದೇ. ಒಳನುಗ್ಗಿದ ತೆಳು ನೀರನ್ನು ಮೈ ಬಿಸಿಮಾಡಿಕೊಳ್ಳುತ್ತದೆ, ಸೂಟ್‌ನ ನಿಯೋಪ್ರೀನ್ ರಬ್ಬರಿನೊಳಗಿನ ಗಾಳಿಗುಳ್ಳೆಗಳು ಚಳಿಯನ್ನು ತಡೆಯುತ್ತವೆ. ಆದರೆ 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗಿ ಆ ಗುಳ್ಳೆಗಳು ಅರ್ಧಕ್ಕೆ ಕುಗ್ಗುತ್ತವೆ. 18 ಮೀಟರ್ ತಲುಪುವಷ್ಟರಲ್ಲಿ ನನ್ನ ದಪ್ಪ ಸೂಟ್ ತೆಳುವಾಗಿತ್ತು. ಚಳಿ ಹೆಚ್ಚಾದಂತೆ ತೂಕವೂ ಹೆಚ್ಚಿದಂತಾಗಿ ಕೆಳಗೆ ಜಾರುತ್ತಿದ್ದೆ. ಆದರೂ ಹಳೆಯ ಅಭ್ಯಾಸವೆಲ್ಲ ಅದರಲ್ಲಿ ನೇರವಾಗಿ ಕೆಲಸಕ್ಕೆ ಬಂತು. ತೇಲಲು ತೊಡುವ ಜಾಕೆಟ್‌ಗೆ ಸ್ವಲ್ಪ ಗಾಳಿ ತುಂಬಿಸಿಕೊಂಡರೆ ಸಮತೋಲ ಸಿಕ್ಕಿತು, ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. ಮೊದಲ ದಿನದ ಮೊದಲ ಡೈವ್ 31 ನಿಮಿಷ ಚೆನ್ನಾಗಿಯೇ ನಡೆಯಿತು.

ಕಷ್ಟವಾದದ್ದು ಮೇಲೆ ಬಂದ ಮೇಲೆ. ಒದ್ದೆ ಸೂಟ್ ಮೇಲೆ ಉತ್ತರ ಸಮುದ್ರದ ಗಾಳಿ ಬೀಸುತ್ತಿತ್ತು, ದೋಣಿಯಲ್ಲಿ ಒಂದು ಗಂಟೆ ಕಾಯಬೇಕಿತ್ತು. ಚಹಾ ಕುಡಿದರೂ ನಡುಕ ನಿಲ್ಲಲಿಲ್ಲ. ಎರಡನೆಯ ಡೈವ್‌ನಲ್ಲಿ 14ನೇ ನಿಮಿಷಕ್ಕೆ ಬೆರಳುಗಳು ಮರಗಟ್ಟಿ ಬಕಲ್ ಎಲ್ಲಿದೆಯೆಂದೇ ತಿಳಿಯದಾದಾಗ ಮೇಲೆ ಬರುವ ಸನ್ನೆ ಮಾಡಿದೆ. ಬೆರಳು ಮಾತು ಕೇಳದಿದ್ದರೆ ಅಲ್ಲಿ ಯಾವ ಸಣ್ಣ ತೊಂದರೆಯೂ ದೊಡ್ಡದಾಗುತ್ತದೆ.

ಡ್ರೈಸೂಟ್‌ನ ಮೊದಲ ದಿನ ಇದಕ್ಕಿಂತ ಕೆಟ್ಟದಾಗಿತ್ತು ಎಂದೇ ಹೇಳಬೇಕು. ವೆಟ್‌ಸೂಟ್‌ನಲ್ಲಿ 10 ಕಿಲೋ ಇದ್ದ ಸೀಸ 13 ಕಿಲೋ ಆಯಿತು. ಕುತ್ತಿಗೆಯ ಲ್ಯಾಟೆಕ್ಸ್ ಪಟ್ಟಿ ಉಸಿರುಗಟ್ಟಿಸುವಷ್ಟು ಬಿಗಿಯಾಗಿತ್ತು. ಇಳಿಯುವಾಗ ಎದೆಯ ವಾಲ್ವ್‌ನಿಂದ ಸೂಟ್‌ಗೆ ಗಾಳಿ ಬಿಡದಿದ್ದರೆ ಬಟ್ಟೆ ಮೈಯನ್ನು ಹಿಂಡುತ್ತದೆ. ಏರುವಾಗ ಎಡತೋಳಿನ ವಾಲ್ವ್‌ನಿಂದ ಅದನ್ನು ಹೊರಬಿಡಬೇಕು. ತಲೆ ಕೆಳಗಾದರೆ ಗಾಳಿಯೆಲ್ಲ ಪಾದಗಳಿಗೆ ಓಡಿ ಮೈಯನ್ನು ಮೇಲಕ್ಕೆಳೆಯುತ್ತದೆ. ಆಗ ಮಂಡಿ ಮಡಚಿ ಲಾಗ ಹಾಕಿ ತಲೆ ಮೇಲೆ ಮಾಡಿಕೊಳ್ಳಬೇಕು. ಇದನ್ನು 6 ಮೀಟರ್ ಆಳದಲ್ಲಿ ತರಬೇತುದಾರರು ಏಳು ಸಲ ಮಾಡಿಸಿದರು. ಸಿಲಿಂಡರ್ 26 ನಿಮಿಷಕ್ಕೇ ಬರಿದಾಗುತ್ತ ಬಂತು. ಸಾಲದ್ದಕ್ಕೆ ಬಾಡಿಗೆ ಸೂಟ್‌ನ ಬಲ ಮಣಿಕಟ್ಟು ಸೋರಿ ಮೊಣಕೈವರೆಗೆ ಒದ್ದೆಯಾಯಿತು. ಹಾಗಾಗಿ ಬಾಡಿಗೆಗೆ ಪಡೆಯುವವರು ಮಣಿಕಟ್ಟಿನ ರಬ್ಬರನ್ನು ಹಿಗ್ಗಿಸಿ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಆದರೆ ದೋಣಿಗೆ ಹತ್ತಿದಾಗ ಮೈ ಬೆಚ್ಚಗಿತ್ತು. ಒಳಗಿನ ಉಣ್ಣೆ ಉಡುಪಿನಲ್ಲೇ ಗಾಳಿಗೆದುರಾಗಿ ಕುಳಿತು ಬಿಸ್ಕತ್ತು ತಿಂದೆ. ಮರುದಿನ ಸೋರದ ಸೂಟ್ ಸಿಕ್ಕಿತು, ಎರಡು ಡೈವ್‌ಗಳೂ 35 ನಿಮಿಷ ದಾಟಿದವು.

ಒಂದು ವಾರದಲ್ಲಿ ಒಂದೆರಡೇ ಡೈವ್ ಮಾಡಿ ಬರುವವರಿಗೆ ಸೆಮಿಡ್ರೈ ಸಾಕು. ಬಾಡಿಗೆಯೂ ಕಡಿಮೆ, ಪಾಠವೂ ಬೇಡ. ದಿನಕ್ಕೆರಡು ಡೈವ್ ಬೇಕೆನ್ನುವವರು ಮೊದಲ ದಿನವನ್ನು ಡ್ರೈಸೂಟ್ ಕಲಿಕೆಗೆ ಕೊಟ್ಟುಬಿಡಲಿ. ನಾನು ಇನ್ನು ಮುಂದೆ ಡ್ರೈಸೂಟ್‌ನಲ್ಲೇ ಇಳಿಯುವವನು.

ಮೊದಲ ದಿನ ಚಳಿ ತಾಳದೆ ಹಿಂತಿರುಗಿದ ಬಂಡೆಯ ಸೀಳಿಗೆ ಕೊನೆಯ ದಿನ ಮತ್ತೆ ಹೋದೆವು. ಅದರೊಳಗೆ ಬೂದು ಬಣ್ಣದ ವುಲ್ಫ್‌ಫಿಶ್ ಎಂಬ ಮೀನೊಂದು, ಏಡಿ ಪುಡಿಮಾಡುವ ಹಲ್ಲು ತೋರಿಸುತ್ತ ಮಲಗಿತ್ತು. ಹತ್ತು ನಿಮಿಷ ಅದರೆದುರು ಕದಲದೆ ತೇಲಿದೆ.