ಬೆಂಗಳೂರಿನಿಂದ ಮೆಲ್ಬರ್ನ್‌ಗೆ ಹಡಗಿನಲ್ಲಿ ಮನೆ ಸಾಮಾನು: ಪಾಲು ಕಂಟೇನರ್ ಸೇವೆ ಕೊಟ್ಟ ದುಡ್ಡಿಗೆ ತಕ್ಕದ್ದೇ?

ಆಸ್ಟ್ರೇಲಿಯಾಕ್ಕೆ ಮನೆ ಸಾಮಾನು ಕಳಿಸಬೇಕು ಅಂದರೆ ಬೆಂಗಳೂರಿನ ಇಂಟರ್‌ನ್ಯಾಷನಲ್ ಪ್ಯಾಕರ್ಸ್‌ನವರು ಮೂರು ದಾರಿ ಹೇಳುತ್ತಾರೆ. ಇಡೀ ಕಂಟೇನರ್, ವಿಮಾನ, ಅಥವಾ ನಾಲ್ಕಾರು ಮನೆಗಳ ಸಾಮಾನು ಒಂದೇ ಕಂಟೇನರ್‌ನಲ್ಲಿ ಪಾಲು ಹಂಚಿಕೊಂಡು ಹೋಗುವ ಎಲ್‌ಸಿಎಲ್. ಎರಡು ಬೆಡ್‌ರೂಮಿನ ಬಾಡಿಗೆ ಮನೆ ಖಾಲಿ ಮಾಡಿ ಹೊರಡುವವರಿಗೆ ಸಾಮಾನ್ಯವಾಗಿ ಹೊಂದುವುದು ಮೂರನೆಯದು. ಈ ವಿಮರ್ಶೆ ಅದರದ್ದೇ. ಒಂದು ಕಂಪನಿಯದ್ದಲ್ಲ, ಆ ಸೇವೆ ನಡೆಯುವ ರೀತಿಯದ್ದು. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಇಲ್ಲಿ ನಡೆಯುವ ಪ್ಯಾಕಿಂಗ್‌ಗೆ ಹತ್ತಕ್ಕೆ ಎಂಟು, ಕೊಟೇಶನ್ ಬರೆಯುವ ರೀತಿಗೆ ಮೂರು. ಗಾಜು ಒಡೆದು ಆಗುವ ಜಗಳಕ್ಕಿಂತ ಮೆಲ್ಬರ್ನ್ ಕಡೆಯ ಬಿಲ್ಲು ಒಡೆದು ಓದಿದಾಗ ಆಗುವ ಜಗಳವೇ ದೊಡ್ಡದು.

ಮೊದಲು ಅಳತೆ. ಹಡಗಿನ ಲೆಕ್ಕವೆಲ್ಲ ಘನ ಮೀಟರ್‌ನಲ್ಲಿ, ಅವರ ಬಾಯಲ್ಲಿ ಸಿಬಿಎಂ. ಒಂದು ಸಿಬಿಎಂಗೆ 35.3 ಘನ ಅಡಿ. 20 ಅಡಿ ಕಂಟೇನರ್‌ನ ಒಳಗಿನ ಜಾಗ ಸುಮಾರು 33 ಸಿಬಿಎಂ, ನಿಜವಾಗಿ ಜೋಡಿಸಲು ಸಿಗುವುದು 26ರಿಂದ 28. ಎಲ್‌ಸಿಎಲ್‌ನಲ್ಲಿ ಒಂದು ಸಿಬಿಎಂ ಅಥವಾ 1,000 ಕೆಜಿ, ಯಾವುದು ಹೆಚ್ಚೋ ಅದಕ್ಕೆ ದರ. ಮನೆ ಸಾಮಾನು ಆ ತೂಕದ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ವಿಮಾನಕ್ಕೆ ಸೂಟ್‌ಕೇಸ್ ತೂಗಿ ತೂಗಿ ಬಂದ ಅಭ್ಯಾಸವನ್ನು ಇಲ್ಲಿ ತಿರುವಿ ಹಾಕಬೇಕು: ತೂಕ ಪುಕ್ಕಟೆ, ಜಾಗಕ್ಕೆ ದುಡ್ಡು. ಪುಸ್ತಕ, ಹಿತ್ತಾಳೆ ಪಾತ್ರೆ, ಗ್ರೈಂಡರ್ ಕಲ್ಲು ಹಡಗಿಗೆ ಹೇಳಿ ಮಾಡಿಸಿದವು. 78 ಇಂಚು ಉದ್ದ, 60 ಇಂಚು ಅಗಲ, 8 ಇಂಚು ದಪ್ಪದ ಹಾಸಿಗೆ ಒಂದೇ 0.6 ಸಿಬಿಎಂ ನುಂಗುತ್ತದೆ. ಅದನ್ನು ಕಳಿಸುವುದು ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ. ಅದೇ 0.6 ಸಿಬಿಎಂನಲ್ಲಿ 18x12x12 ಇಂಚಿನ ಪುಸ್ತಕದ ಡಬ್ಬ 14 ಹಿಡಿಸುತ್ತವೆ.

ವಿಮಾನದ ಸರಕಿನಲ್ಲಿ ಒಂದು ಸಿಬಿಎಂಗೆ ಕಡಿಮೆ ಅಂದರೂ 167 ಕೆಜಿ ಎಂದು ಲೆಕ್ಕ ಹಿಡಿಯುತ್ತಾರೆ. ಹತ್ತಿಯ ರಜಾಯಿ ಕಳಿಸಿದರೂ ಅಷ್ಟೇ. ಸಾಮಾನು ಒಂದು ಸಿಬಿಎಂ ಒಳಗಿದ್ದರೆ ಹಡಗಿನ ಗೊಡವೆ ಬೇಡ, ವಿಮಾನದ ಹೆಚ್ಚುವರಿ ಲಗೇಜ್ ದರ ಕೇಳಿ ನೋಡಿ. 15 ಸಿಬಿಎಂ ದಾಟಿದರೆ ಇಡೀ 20 ಅಡಿ ಕಂಟೇನರ್‌ನ ದರವನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ನಡುವಿನದ್ದು ಈ ಸೇವೆಯ ಹೊಲ.

ಸರ್ವೆಗೆ ಮನೆಗೇ ಬರುತ್ತಾರೆ, ಇಲ್ಲವೇ ವಿಡಿಯೊ ಕಾಲ್‌ನಲ್ಲಿ ಕೋಣೆ ಕೋಣೆ ತೋರಿಸಿ ಅನ್ನುತ್ತಾರೆ. ಅಟ್ಟ, ಬಾಲ್ಕನಿ, ಮಂಚದ ಕೆಳಗಿನ ಡ್ರಾಯರ್ ತೋರಿಸದೆ ಬಿಟ್ಟರೆ ಪ್ಯಾಕಿಂಗ್ ದಿನ ಲೆಕ್ಕ ಏರುತ್ತದೆ, ಆಗ ಚೌಕಾಸಿಗೆ ಜಾಗವಿರುವುದಿಲ್ಲ. ಇದಕ್ಕಿಂತ ದೊಡ್ಡ ಗುಟ್ಟು ಲಿಫ್ಟ್‌ವ್ಯಾನಿನದು. ಪಾಲು ಕಂಟೇನರ್‌ನಲ್ಲಿ ಒಬ್ಬರ ಸಾಮಾನು ಇನ್ನೊಬ್ಬರದರ ಜೊತೆ ಬೆರೆಯಬಾರದೆಂದು ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆಯಲ್ಲಿ ತುಂಬುತ್ತಾರೆ, ಅದೇ ಲಿಫ್ಟ್‌ವ್ಯಾನ್. 87x45x87 ಇಂಚಿನ ಮಾಮೂಲಿ ಪೆಟ್ಟಿಗೆಯ ಹೊರ ಅಳತೆ ಸುಮಾರು 5.6 ಸಿಬಿಎಂ. ನಿಮ್ಮ ಸಾಮಾನು ನಾಲ್ಕೇ ಸಿಬಿಎಂ ಇದ್ದರೂ ಬಿಲ್ಲು 5.6ಕ್ಕೆ ಬರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಸಿಬಿಎಂಗೆ ಎಷ್ಟು’ ಎಂದಲ್ಲ. ‘ನೆಟ್ ಅಳತೆಗೋ ಗ್ರಾಸ್ ಅಳತೆಗೋ, ಪೆಟ್ಟಿಗೆಯಲ್ಲಿ ಜಾಗ ಉಳಿದರೆ ಯಾರ ಲೆಕ್ಕ’ ಎಂದು. ನೆಟ್ ಅಂದರೆ ಸಾಮಾನಿನದಷ್ಟೇ, ಗ್ರಾಸ್ ಅಂದರೆ ಪೆಟ್ಟಿಗೆಯ ಹೊರ ಅಳತೆ. ಪೆಟ್ಟಿಗೆ ಹೇಗೂ ನಿಮ್ಮ ಲೆಕ್ಕಕ್ಕೇ ಅಂದರೆ ಉಳಿದ ಜಾಗಕ್ಕೆ ಹಾಸಿಗೆ ತುಂಬಿಸಿ, ಅಲ್ಲಿ ಮಾತ್ರ ಅದು ಪುಕ್ಕಟೆ ಪ್ರಯಾಣಿಕ.

ಈಗ ಕೊಟೇಶನ್. ಫೋನಿನಲ್ಲಿ ‘ಸರ್, ಡೋರ್ ಟು ಡೋರ್ ಸರ್, ಎಲ್ಲಾ ಸೇರಿಸಿಯೇ ಹೇಳಿದೀನಿ’ ಎಂಬ ಮಾತು ಬರುತ್ತದೆ. ಕಾಗದದ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ‘ಡೆಸ್ಟಿನೇಶನ್ ಚಾರ್ಜಸ್ ಆಸ್ ಆಕ್ಚುವಲ್ಸ್’ ಎಂದಿರುತ್ತದೆ, ಅಂದರೆ ತಲುಪುವ ಊರಿನ ಖರ್ಚು ಎಷ್ಟಾಗುತ್ತದೋ ಅಷ್ಟು ನಿಮ್ಮದು. ಆ ಸಾಲಿನೊಳಗೆ ಏನೇನು ಅಡಗಿದೆ ನೋಡಿ: ಬಂದರಿನ ಟರ್ಮಿನಲ್ ಹ್ಯಾಂಡ್ಲಿಂಗ್, ಡಿಪೊದಲ್ಲಿ ಕಂಟೇನರ್ ಬಿಚ್ಚುವ ಖರ್ಚು, ಡೆಲಿವರಿ ಆರ್ಡರ್ (ಸಾಮಾನು ಬಿಡಲು ಕೊಡುವ ಚೀಟಿ) ಶುಲ್ಕ, ಕಸ್ಟಮ್ಸ್ ದಲ್ಲಾಳಿಯ ಶುಲ್ಕ, ಬಯೊಸೆಕ್ಯೂರಿಟಿ (ಮಣ್ಣು, ಬೀಜ, ಹುಳದ) ತಪಾಸಣೆ, ಪುಕ್ಕಟೆ ದಿನ ಮುಗಿದ ಮೇಲಿನ ಗೋದಾಮು ಬಾಡಿಗೆ, ಲಿಫ್ಟ್ ಇಲ್ಲದ ಮಹಡಿಗೆ ಹೊರುವ ಕೂಲಿ. ಇವನ್ನು ಕೇಳುವುದು ನೀವು ಹೆಸರೇ ಕೇಳಿರದ ಮೆಲ್ಬರ್ನ್ ಏಜೆಂಟ್, ಅದೂ ಡಾಲರಿನಲ್ಲಿ, ಅದೂ ಸಾಮಾನು ಅವನ ಡಿಪೊದಲ್ಲಿ ಕೂತ ಮೇಲೆ. ಹೊಳೆ ದಾಟಿದ ಮೇಲೆ ಅಂಬಿಗನ ಜೊತೆ ಚೌಕಾಸಿ ನಡೆಯುವುದಿಲ್ಲ. ಇಲ್ಲಿಂದ ಹಡಗಿನ ಬಾಡಿಗೆಯನ್ನು ನಂಬಲಾಗದಷ್ಟು ಕಡಿಮೆ ಹೇಳಿದ್ದಾರೆ ಅಂದರೆ ಉಳಿದದ್ದು ಆ ಕಡೆಯಿಂದ ಬರುತ್ತದೆ ಎಂದೇ ಅರ್ಥ ಮಾಡಿಕೊಳ್ಳಿ. ಮೇಲಿನ ಒಂದೊಂದು ಶುಲ್ಕಕ್ಕೂ ‘ಸೇರಿದೆ’ ಅಥವಾ ‘ಸೇರಿಲ್ಲ’ ಎಂದು ಇಮೇಲಿನಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ. ಸರ್ಕಾರದ ತಪಾಸಣೆ ಶುಲ್ಕ ಮುಂಚೆ ಹೇಳಲು ಬರುವುದಿಲ್ಲ ಅಂದರೆ ಅದು ನ್ಯಾಯವೇ, ಅದಕ್ಕೆ ಎಷ್ಟು ಹೊತ್ತು ತೆರೆದು ನೋಡುತ್ತಾರೋ ಅಷ್ಟು. ಬಂದರಿನ ಶುಲ್ಕ ಮುಂಚೆ ಗೊತ್ತಿಲ್ಲ ಅಂದರೆ ಅದು ಸುಳ್ಳು. ಮೆಲ್ಬರ್ನ್ ಏಜೆಂಟನ ಹೆಸರು ಕೇಳಿ, ಎರಡೂ ಕಡೆಯವರು ಫೀಡಿ ಎಂಬ ಅಂತರರಾಷ್ಟ್ರೀಯ ಮನೆ ಸಾಗಣೆ ಕಂಪನಿಗಳ ಒಕ್ಕೂಟದ ಫೈಮ್ ಎಂಬ ಗುಣಮಟ್ಟದ ಪ್ರಮಾಣಪತ್ರ ಉಳ್ಳವರೇ ಎಂದು ಒಕ್ಕೂಟದ ವೆಬ್‌ಸೈಟಿನಲ್ಲೇ ಹುಡುಕಿ. ಕೊಟೇಶನ್ ಮೂಲೆಯ ಲೋಗೊ ನಂಬಬೇಡಿ.

ಪ್ಯಾಕಿಂಗ್ ಕೆಲಸ ಮಾತ್ರ ನೋಡಲು ಚೆಂದ. ಒಳ್ಳೆಯ ತಂಡ ಬಂದರೆ ಅಡುಗೆಮನೆಯ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸುವುದಿಲ್ಲ, ಕಾಗದ ಸುತ್ತಿ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಪುಸ್ತಕಕ್ಕೆ ಸಣ್ಣ ಡಬ್ಬ, ಪಾತ್ರೆಗೆ ಐದು ಇಲ್ಲವೇ ಏಳು ಪದರದ ರಟ್ಟು. ಟೇಬಲ್‌ಟಾಪ್ ಗ್ರೈಂಡರ್‌ನಲ್ಲಿ ತಂಡದ ಹದ ಗೊತ್ತಾಗುತ್ತದೆ. ಗುಂಡುಕಲ್ಲನ್ನು ಡ್ರಮ್ಮಿನೊಳಗೇ ಬಿಟ್ಟು ಕಟ್ಟಿದರೆ ವಾರಗಟ್ಟಲೆ ಕುಲುಕಿ ನಡುವಿನ ಕಂಬಿ ಬಾಗುತ್ತದೆ, ಡ್ರಮ್ಮು ನೆಗ್ಗುತ್ತದೆ. ಕಲ್ಲು ಬೇರೆ, ಡ್ರಮ್ಮು ಬೇರೆ, ಮೋಟಾರಿನ ಬುಡ ಬೇರೆ; ಕಲ್ಲು ಡಬ್ಬದ ತಳಕ್ಕೆ. ಅದಕ್ಕೂ ಮುಂಚೆ ಕಲ್ಲಿನ ನಡುವಿನ ಬುಶ್ಶಿನಲ್ಲಿ, ಡ್ರಮ್ಮಿನ ಕೆಳಗಿನ ಅಂಚಿನಲ್ಲಿ ಒಣಗಿ ಕೂತ ದೋಸೆ ಹಿಟ್ಟನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು ತೆಗೆದು, ಎರಡು ದಿನ ಬಿಸಿಲಿಗಿಡಿ. ಆಸ್ಟ್ರೇಲಿಯಾದ ವಿದ್ಯುತ್ತು ನಮ್ಮ ಹಾಗೆ 230 ವೋಲ್ಟ್, 50 ಹರ್ಟ್ಸ್, ಗ್ರೈಂಡರು ಅಲ್ಲಿ ಸಲೀಸಾಗಿ ತಿರುಗುತ್ತದೆ, ಪ್ಲಗ್ ಅಡಾಪ್ಟರ್ ಒಂದು ಬೇಕು. ಅಮೆರಿಕಕ್ಕೆ ಹೊರಟವರು ಈ ಸಾಲು ಓದಿ ಆಸೆಪಡಬೇಡಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ.

ತೇವದ್ದು ಇನ್ನೊಂದು ಕಾಟ. ಹಗಲು ಕಾದ ಕಂಟೇನರ್ ರಾತ್ರಿ ತಣಿದಾಗ ಒಳಗಿನ ಸೂರಿನಿಂದ ನೀರು ತೊಟ್ಟಿಕ್ಕುತ್ತದೆ. ಒಗೆದು ಪೂರ್ತಿ ಒಣಗದ ಬಟ್ಟೆ, ಆ ದಿನ ಬೆಳಿಗ್ಗೆ ಡಿಫ್ರಾಸ್ಟ್ ಮಾಡಿದ ಫ್ರಿಜ್ಜು ಜೊತೆಗಿದ್ದರೆ ಬೂಷ್ಟು ಖಚಿತ. ಫ್ರಿಜ್ಜು, ವಾಷಿಂಗ್ ಮೆಷಿನ್ ಎರಡು ದಿನ ಮೊದಲೇ ಖಾಲಿಯಾಗಿ, ಬಾಗಿಲು ತೆರೆದು ಒಣಗಿರಬೇಕು. ರೇಷ್ಮೆ ಸೀರೆಗಳನ್ನು ಕೈಲಗೇಜಿನಲ್ಲೇ ಒಯ್ಯಿರಿ.

ಪ್ಯಾಕಿಂಗ್ ಲಿಸ್ಟ್ ಬರೆಯುವುದು ತಂಡದವರ ಕೆಲಸವಾದರೂ ಪಕ್ಕದಲ್ಲೇ ನಿಲ್ಲಿ. ‘ಮಿಸಲೇನಿಯಸ್’ ಎಂದು ಬರೆದ ಡಬ್ಬವೇ ಮೆಲ್ಬರ್ನ್‌ನಲ್ಲಿ ಮೊದಲು ಬಿಚ್ಚುವ ಡಬ್ಬ. ‘ಸ್ಟೀಲ್ ಪಾತ್ರೆ 24, ಪ್ರೆಶರ್ ಕುಕ್ಕರ್ 2, ಇಡ್ಲಿ ಸ್ಟ್ಯಾಂಡ್ 1’ ಅಂತ ಬರೆಸಿ. ಡಬ್ಬವನ್ನು ನೀವೇ ಕಟ್ಟಿಕೊಟ್ಟಿದ್ದರೆ ಅದರ ಮುಂದೆ ‘ಪಿಬಿಒ’ ಎಂದು ಬರೆಯುತ್ತಾರೆ, ಮಾಲೀಕರೇ ಕಟ್ಟಿದ್ದು ಎಂದರ್ಥ. ಆ ಡಬ್ಬದೊಳಗೆ ಒಡೆದದ್ದಕ್ಕೆ ವಿಮೆ ಸಾಮಾನ್ಯವಾಗಿ ಸಿಗದು, ಅಧಿಕಾರಿಗಳ ಕಣ್ಣೂ ಅದರ ಮೇಲೇ. ಸಾಗಣೆ ಪತ್ರದ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ಇನಿಷಿಯಲ್ ಒಂದು ಕಡೆ, ಅಪ್ಪನ ಹೆಸರು ಇನ್ನೊಂದು ಕಡೆ, ಊರಿನ ಹೆಸರು ಮತ್ತೊಂದು ಕಡೆ ಇರುವ ನಮ್ಮವರಿಗೆ ಇದು ಮಾಮೂಲಿ ಎಡವಟ್ಟು. ತಿದ್ದುಪಡಿಗೆ ಶುಲ್ಕ ಬೇರೆ, ದಿನಗಳು ಬೇರೆ.

ಆಸ್ಟ್ರೇಲಿಯಾದ ಕಡೆ ಬಿ534 ಎಂಬ ನಮೂನೆ ತುಂಬಬೇಕು, ಜೊತೆಯಲ್ಲಿ ಬರದ ಸ್ವಂತ ಸಾಮಾನಿನ ಘೋಷಣೆ ಅದು. ನೀವು ಅಲ್ಲಿಗೆ ಬಂದು ಇಳಿದಿರಬೇಕು. ಸಾಮಾನು ಮೊದಲೇ ಹೋಗಿ ಕೂತರೆ ಗೋದಾಮು ಬಾಡಿಗೆ ಓಡುತ್ತದೆ. ಬರುವ ಮುಂಚೆ ಪೂರ್ತಿ 12 ತಿಂಗಳು ನಿಮ್ಮ ಬಳಿ ಇದ್ದು ಬಳಸಿದ ಸಾಮಾನಿಗೆ ಸುಂಕವಿಲ್ಲ. ಹೊರಡುವ ಮುನ್ನ ಚಿಕ್ಕಪೇಟೆಯಲ್ಲೂ ಅವೆನ್ಯೂ ರಸ್ತೆಯಲ್ಲೂ ಸುತ್ತಿ ಕೊಂಡ ಹೊಸ ಕುಕ್ಕರ್, ಬೆಲೆ ಚೀಟಿ ಕೀಳದ ಹೊದಿಕೆ ಇವಕ್ಕೆ ಸುಂಕವೂ 10 ಶೇಕಡಾ ಜಿಎಸ್‌ಟಿಯೂ ಬೀಳಬಹುದು.

ಬಯೊಸೆಕ್ಯೂರಿಟಿಯವರು ಸಾಮಾನಿನ ಬೆಲೆ ನೋಡುವುದಿಲ್ಲ, ಮಣ್ಣು, ಬೀಜ, ಹುಳ ನೋಡುತ್ತಾರೆ. ತೆಂಗಿನ ಕಡ್ಡಿ ಪೊರಕೆ, ಬಿದಿರಿನ ಮೊರ, ದರ್ಭೆ ಚಾಪೆ, ಒಣಗಿದ ತೋರಣ, ಸುಡದ ಮಣ್ಣಿನ ಗೊಂಬೆ, ನವಿಲುಗರಿ ಇವನ್ನು ಬಿಟ್ಟು ಹೊರಡಿ. ಸಂಡಿಗೆ, ಕೊಬ್ಬರಿ, ಮಸಾಲೆ ಪುಡಿ ಒಂದೂ ಬೇಡ. ಸೈಕಲ್ಲಿನ ಚಕ್ರ, ಶೂ ತಳ, ವ್ಯಾಕ್ಯೂಮ್ ಕ್ಲೀನರಿನ ಚೀಲ ತೊಳೆದಿರಬೇಕು. ಹಣ್ಣಿನ ಅಂಗಡಿಯಿಂದ ತಂದ ಸೇಬಿನ ಡಬ್ಬ, ಮೊಟ್ಟೆಯ ಟ್ರೇ, ಒಣಹುಲ್ಲು ಪ್ಯಾಕಿಂಗ್‌ಗೆ ಕೂಡದು. ಪೆಟ್ಟಿಗೆಗೆ ಬಳಸಿದ ಗಟ್ಟಿ ಮರದ ಮೇಲೆ ತೆನೆಯ ಗುರುತಿನ ಐಎಸ್‌ಪಿಎಂ 15 ಮುದ್ರೆ, ಎಚ್‌ಟಿ ಅಕ್ಷರ ಇದೆಯೇ ನೋಡಿ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂಬುದರ ಗುರುತು ಅದು. ಒಂದು ಹುಳ ಕಂಡರೆ ಶುಚಿ ಮಾಡಿಸುವುದು, ವಾಪಸ್ ಕಳಿಸುವುದು, ನಾಶ ಮಾಡುವುದು ಮೂರಕ್ಕೂ ಖರ್ಚು ನಿಮ್ಮದೇ.

ನಮ್ಮ ದೇಶದಿಂದಲೇ ಹೊರಹೋಗದ ಸಾಮಾನು ಕೆಲವಿವೆ, ಪ್ಯಾಕರ್ಸ್ ಸೇಲ್ಸ್‌ನವರು ಇದನ್ನು ಹೇಳುವುದು ಕಡಿಮೆ. ಬೀಟೆ ಮರ 2017ರಿಂದ ಇಡೀ ಕುಲದೊಂದಿಗೆ ಸೈಟಿಸ್ ಪಟ್ಟಿಯಲ್ಲಿದೆ; ಅಳಿವಿನಂಚಿನ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಅದು. ಅಜ್ಜನ ಬೀಟೆ ಮೇಜು, ಮಂಚಕ್ಕೆ ಪರವಾನಗಿ ಬೇಕು. 2019ರ ತಿದ್ದುಪಡಿಯ ಮೇಲೆ ಸಿದ್ಧ ಸಂಗೀತ ವಾದ್ಯಗಳಿಗೂ, ಒಟ್ಟು 10 ಕೆಜಿ ಒಳಗಿನ ಸಿದ್ಧ ವಸ್ತುಗಳಿಗೂ ಸೈಟಿಸ್ ವಿನಾಯಿತಿ ಇದೆ. ಹಾಗಾಗಿ ಬೀಟೆ ವೀಣೆಗೆ ದಾರಿಯುಂಟು, ಅದರ ಮೇಲೆ ದಂತದ ಕುಸುರಿ ಇದ್ದರೆ ಇಲ್ಲ. ನವರಾತ್ರಿಯ ಪಟ್ಟದ ಗೊಂಬೆ ರಕ್ತಚಂದನದ್ದಾದರೆ ಕಂಟೇನರ್‌ಗೆ ಹಾಕಬೇಡಿ. ಶ್ರೀಗಂಧದ ಕೊರಡಿನ ಯೋಚನೆ ಬಿಡಿ. 100 ವರ್ಷ ದಾಟಿದ ವಿಗ್ರಹ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರುತ್ತವೆ. ಹಳೆಯದರಂತೆ ಕಾಣುವ ಹೊಸ ಕಂಚಿನ ವಿಗ್ರಹವಿದ್ದರೂ ಅದು ಪ್ರಾಚ್ಯವಸ್ತುವಲ್ಲ ಎಂಬ ಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮುಂಚೆಯೇ ಪಡೆದಿಡಿ.

ವಿಮೆಯ ವಿಷಯದಲ್ಲಿ ಜಿಪುಣತನ ಬೇಡ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್‌ಗಳೊಂದಿಗೆ ಕೇರಳದ ಕಡಲಲ್ಲೇ ಮುಳುಗಿತು. ಮುಳುಗದೆಯೂ ಖರ್ಚು ಬರಬಹುದು: ಹಡಗನ್ನು ಕಾಪಾಡಲು ಆದ ವೆಚ್ಚವನ್ನು ಸರಕಿನ ಮಾಲೀಕರೆಲ್ಲ ಹಂಚಿಕೊಳ್ಳಬೇಕೆಂಬ ‘ಜನರಲ್ ಆವರೇಜ್’ ನಿಯಮ ಹಳೆಯದು. 2021ರಲ್ಲಿ ಸೂಯೆಜ್‌ನಲ್ಲಿ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ಮೇಲೂ ಅದನ್ನೇ ಘೋಷಿಸಿದರು. ವಿಮೆ ಇದ್ದರೆ ಆ ಪಾಲು ವಿಮೆಯವರದು, ಇಲ್ಲದಿದ್ದರೆ ಠೇವಣಿ ಕಟ್ಟುವ ತನಕ ನಿಮ್ಮ ಪಾತ್ರೆಪಡಗ ಬಿಡುವುದಿಲ್ಲ. ‘ಆಲ್ ರಿಸ್ಕ್’ ಪಾಲಿಸಿಯನ್ನೇ ಕೇಳಿ. ಹತ್ತು ಲಕ್ಷದ ಸಾಮಾನಿಗೆ ಐದು ಲಕ್ಷ ತೋರಿಸಿದರೆ, ಒಡೆದ 40 ಸಾವಿರದ ಟಿವಿಗೆ ಸಿಗುವುದು ಸುಮಾರು ಅರ್ಧ. ಟಿವಿ ಹೊರಗೆ ಗೀರೂ ಇಲ್ಲದೆ ಬಂದು ಒಳಗೆ ಸತ್ತಿದ್ದರೆ ಬಹಳ ಪಾಲಿಸಿಗಳಲ್ಲಿ ಏನೂ ಸಿಗದು.

ಸಮಯಕ್ಕೆ ಎಂಟರಿಂದ ಹನ್ನೆರಡು ವಾರ ಇಟ್ಟುಕೊಳ್ಳಿ. ಹಡಗಿನ ಪ್ರಯಾಣ ಅದರಲ್ಲಿ ಅರ್ಧವೂ ಅಲ್ಲ. ಚೆನ್ನೈ ಗೋದಾಮಿನಲ್ಲಿ ಪಾಲುದಾರರ ಸಾಮಾನು ತುಂಬುವ ತನಕ ಕಾಯುವುದು, ಕೊಲಂಬೊ ಅಥವಾ ಸಿಂಗಪುರದಲ್ಲಿ ಹಡಗು ಬದಲಿಸುವುದು, ಕೊನೆಗೆ ತಪಾಸಣೆಯ ಸರದಿ, ಇವೇ ತಿನ್ನುತ್ತವೆ. ‘ಹೊರಟಿದೆ’ ಎಂಬ ಮಾತಿಗೆ ಸಮಾಧಾನ ಪಡದೆ ಕಂಟೇನರ್ ನಂಬರ್ ಕೇಳಿ: ನಾಲ್ಕು ಅಕ್ಷರ, ಏಳು ಅಂಕಿ. ಹಡಗು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ನಿಜ ತಿಳಿಯುತ್ತದೆ. ನಂಬರ್ ಕೊಡದಿದ್ದರೆ ಸಾಮಾನು ಇನ್ನೂ ಗೋದಾಮಿನಲ್ಲೇ ಇದೆ ಅಂದುಕೊಳ್ಳಬಹುದು.

ಬೇರೆ ದೇಶಕ್ಕೆ ಹೊರಟವರಿಗೆ ಕಾಗದಗಳು ಬೇರೆ. ಬ್ರಿಟನ್ನಿಗೆ ಟಿಒಆರ್1 ಎಂಬ ಸುಂಕ ವಿನಾಯಿತಿ ಅರ್ಜಿ ಮುಂಚೆಯೇ ಮಂಜೂರಾಗಿರಬೇಕು, ಅಲ್ಲಿ ಆರು ತಿಂಗಳು ನಿಮ್ಮ ಬಳಿ ಇದ್ದು ಬಳಸಿದ ಸಾಮಾನಾದರೆ ಸಾಕು. ಅಮೆರಿಕಕ್ಕೆ ಕಸ್ಟಮ್ಸ್ ಇಲಾಖೆಯ 3299 ನಮೂನೆ, ಮನೆಬಳಕೆಯ ವಸ್ತುಗಳಿಗೆ ಒಂದು ವರ್ಷದ ಬಳಕೆ. ಕೆನಡಾಕ್ಕಾದರೆ ಮೊದಲ ಸಲ ಇಳಿದಾಗಲೇ ‘ಹಿಂದೆ ಬರುವ ಸಾಮಾನು’ ಎಂಬ ಪಟ್ಟಿಯನ್ನು ಅಧಿಕಾರಿಗೆ ಕೊಟ್ಟಿರಬೇಕು.

ಮೆಲ್ಬರ್ನ್ ಮನೆ ಬಾಗಿಲಿಗೆ ಲಾರಿ ಬಂದ ದಿನ ಪ್ಯಾಕಿಂಗ್ ಲಿಸ್ಟಿನ ನಂಬರ್ ಒಂದೊಂದಾಗಿ ಟಿಕ್ ಮಾಡಿ. ಒದ್ದೆಯಾದ, ನುಜ್ಜಾದ ಡಬ್ಬದ ನಂಬರನ್ನು ಡೆಲಿವರಿ ಹಾಳೆಯ ಮೇಲೆಯೇ ಬರೆದು, ಫೋಟೊ ತೆಗೆದು, ಆಮೇಲೆ ಸಹಿ ಹಾಕಿ. ಮಂಚ ಜೋಡಿಸುವುದು ಡೋರ್ ಟು ಡೋರ್ ಸೇವೆಯಲ್ಲಿ ಸೇರಿದ್ದರೆ ಅವರು ಹೋಗುವ ಮುಂಚೆ ಮಾಡಿಸಿಕೊಳ್ಳಿ. ಬೋಲ್ಟುಗಳ ಚೀಲವನ್ನು ಬೆಂಗಳೂರಿನಲ್ಲೇ ತಲೆದಿಂಬಿನ ಕಡೆಯ ಹಲಗೆಗೆ ಟೇಪು ಸುತ್ತಿ ಅಂಟಿಸಿದ್ದರೆ ಅದು ಹತ್ತು ನಿಮಿಷದ ಕೆಲಸ.